ಕರಿಯದ ಎಣ್ಣೆ

“ಇದರಲ್ಲಿ ಏನು ಕರಿದಿದಾರೆ ಹಾಗಾದ್ರೆ?”

ಬು ಲಾಸ್ತ್ರಿ ಕೇಳಿದ್ದು ಯಾರನ್ನೂ ಉದ್ದೇಶಿಸಿ ಅಲ್ಲ. ಸುರಾವಿನ, ಆ ಪುಟ್ಟ ಮಸೀದಿಯ, ಹಿಂದೆ ಕೈಕಾಲು ತೊಳೆಯುವ ತೊಟ್ಟಿಯ ಪಕ್ಕದ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದ್ದ ಕ್ಯಾನುಗಳಲ್ಲಿ ಒಂದನ್ನು ಎರಡೂ ಕೈಯಿಂದ ಎತ್ತಿ ಬೆಳಗಿನ ಬಿಸಿಲಿಗೆ ಹಿಡಿದು, ತನಗೆ ತಾನೇ ಅಂದುಕೊಂಡಂತೆ ಅಂದಳು. ಉಳಿದ ಕ್ಯಾನುಗಳಲ್ಲಿದ್ದದ್ದು ಕಾಫಿಯ ಗಸಿಯಂತೆ ಕಪ್ಪು. ತಳದಲ್ಲಿ ಮೀನಿನ ಪೊರೆ, ಸೀದ ಈರುಳ್ಳಿ, ಹಿಟ್ಟಿನ ಚೂರು. ಇದರೊಳಗೆ ಮಾತ್ರ ಬಿಸಿಲು ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಿಂದ ಜೇನಿನ ಬಣ್ಣವಾಗಿ ಹೊರಬಂದು ಅವಳ ಮೂಗಿನ ಮೇಲೆ ಅಲುಗುತ್ತಿತ್ತು. ಪಕ್ಕದಲ್ಲೇ ನಿಂತಿದ್ದ ಖೈರುಮಾನ್ ಎಣ್ಣೆಯನ್ನು ನೋಡಲಿಲ್ಲ. ಅವನ ಕಣ್ಣು ಹೋದದ್ದು ಕ್ಯಾನಿನ ಬಾಯಿಗೆ ಸುತ್ತಿದ್ದ ಹಳದಿ ನೂಲಿನ ಮೇಲೆ. ಎಷ್ಟು ಕುಲುಕಿದರೂ ಸಡಿಲವಾಗದ, ಒಂದೆಳೆ ಹಿಡಿದು ಎಳೆದರೆ ತಾನಾಗಿ ಬಿಚ್ಚಿಕೊಳ್ಳುವ ಗಂಟು. ಕುರಾನು ಸುತ್ತಿಡುವ ಬಟ್ಟೆಗೆ ಹಾಕುವ ಗಂಟು ಅದು. ಏಳನೆಯ ವಯಸ್ಸಿನಲ್ಲಿ ಅವನು ಅದನ್ನು ಬಿಚ್ಚಲು ಕಲಿತಿದ್ದ, ಹಾಕಲು ಇವತ್ತಿಗೂ ಬಾರದು. ನದಿಯ ಎರಡು ದಡದಲ್ಲೂ ಸೇರಿ ಅದನ್ನು ಹಾಕುವ ಕೈ ಒಂದೇ ಇತ್ತು, ಅವನಿಗೆ ಕುರಾನು ಓದಲು ಕಲಿಸಿದ ಕೈ.

“ಯಾರ್ದು ಇದು, ಪಾಕ್ ಬಿಲಾಲ್?” ಈ ಸಲ ಅವಳು ಅವನ ಮುಖ ನೋಡಿಯೇ ಕೇಳಿದಳು.

“ಗೊತ್ತಿಲ್ಲ ಬು. ತಂದು ಇಟ್ಟು ಹೋಗ್ತಾರೆ. ನಾನೇನು ಕಾವಲು ಕೂತಿರ್ತೀನಾ?”

ಸುಳ್ಳು ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೆ ಆಶ್ಚರ್ಯವೂ ಆಗಲಿಲ್ಲ. ಆಯಾಸವಾಯಿತು ಅಷ್ಟೆ. ಸ್ವಲ್ಪ ಹೊತ್ತಿಗೆ ಮುಂಚೆ ಇದೇ ಬಾಯಿಂದ ಬೆಳಗಿನ ಬಾಂಗು ಕೊಟ್ಟಿದ್ದ. ಈಚೆಗೆ ಬಾಂಗಿನ ಕೊನೆಯ ಎಳೆತದಲ್ಲಿ ಗಂಟಲು ಒಡೆಯುತ್ತದೆ. ದೋಣಿಯ ಎಂಜಿನ್ನು ಏರುದಡದ ಹತ್ತಿರ ಕೆಮ್ಮುವ ಹಾಗೆ. ಜನ ಕೇಳಿಯೂ ಕೇಳದವರಂತೆ ಇರುತ್ತಾರೆ. ಹಾಗೆ ಅವರು ತೋರಿಸುವ ದಾಕ್ಷಿಣ್ಯವೇ ಒಂದು ತೂಕವಾಗಿ ಅವನ ಹೆಗಲ ಮೇಲೆ ಕೂತಿತ್ತು. ಹಗಲು ಹೊತ್ತು ಅವನು ಪೊಂಪೊಂಗಿನ ಅಂಬಿಗ; ಪೊಂ ಪೊಂ ಎಂದು ಸದ್ದು ಮಾಡುವ ಆ ಮರದ ದೋಣಿಯಲ್ಲಿ ಜನರನ್ನು ಈ ದಡದಿಂದ ಆ ದಡಕ್ಕೆ ದಾಟಿಸುವುದು; ಐದು ಹೊತ್ತು ಸುರಾವಿನ ಬಿಲಾಲ, ಅಂದರೆ ಬಾಂಗು ಕೊಡುವವನು. ಎರಡೂ ಕರೆಯುವ ಕೆಲಸ, ಎರಡೂ ಕಾಯುವ ಕೆಲಸ. ಇದರ ಮೇಲೆ ಈ ವರ್ಷ ಈ ಎಣ್ಣೆಯದು.

ಕಟ್ಟೆಯ ಆ ಕಡೆ ಬೇಲಿಗೆ ಒರಗಿಕೊಂಡು ಮಾಕ್ ಸು ರುಬಿಯಾ ತಮಾಷೆ ನೋಡುತ್ತಿದ್ದಳು. ಸುರಾವಿನ ಬಾಗಿಲಲ್ಲಿ ಕರಿದ ಬಾಳೆಹಣ್ಣು ಮಾರುವವಳು. ಕಟ್ಟೆಯ ಮೇಲಿನ ಅತಿ ಕಪ್ಪು ಕ್ಯಾನುಗಳೆಲ್ಲ ಅವಳವು. “ನಂದು ನೋಡಮ್ಮಾ ನಂದು,” ಎಂದಳು ಬು ಲಾಸ್ತ್ರಿಗೆ. “ಅದನ್ನ ಹಾಕಿದ್ರೆ ನಿಮ್ಮ ವಿಮಾನ ಹಾರಲ್ಲ, ತೆವಳುತ್ತೆ. ಮೂಗು ಹಿಡ್ಕೊಂಡು ಕೂರಬೇಕು ಒಳಗಿರೋರು.”

ಬು ಲಾಸ್ತ್ರಿ ನಕ್ಕಳು, ಆದರೆ ಕ್ಯಾನು ಕೆಳಗಿಡಲಿಲ್ಲ. ಪೆಕನ್‌ಬಾರುವಿನ ಕಂಪನಿಯ ಹುಡುಗಿ ಆಕೆ, ಜಾವಾ ಕಡೆಯವಳು. ಪಿಕಪ್ಪಿನಲ್ಲಿ ಊರೂರು ತಿರುಗಿ ಕರಿದ ಎಣ್ಣೆ ಒಟ್ಟು ಮಾಡುತ್ತಾಳೆ; ಸಮುದ್ರದಾಚೆ ಅದರಿಂದ ವಿಮಾನದ ಇಂಧನ ಮಾಡುತ್ತಾರಂತೆ. ಅವಳ ಕಣ್ಣ ಕೆಳಗೂ ನಿದ್ದೆಗೆಟ್ಟ ಗೆರೆಗಳಿದ್ದವು. “ನಿಮ್ಮದೇ ಸರಿ ಮಾಕ್ ಸು. ನಮಗೆ ಬೇಕಾಗಿರೋದು ಅದೇ. ಇದು ನೋಡಿ, ಅಂಗಡಿಯಿಂದ ಈಗ ತಂದ ಹಾಗಿದೆ. ಹೊಸದಕ್ಕಿಂತ ಹಳೇದಕ್ಕೇ ಅಲ್ಲಿ ಬೆಲೆ ಜಾಸ್ತಿ ಅಂತ ಗೊತ್ತಾದಾಗಿಂದ ಬೇರೆ ಕಡೆ ಹೊಸ ಎಣ್ಣೆಗೆ ಮಸಿ ಬೆರೆಸಿ ಕೊಡ್ತಿದಾರೆ. ಅಲ್ಲಿಯೋರು ಬಿಡ್ತಾರಾ? ಹೊಸ ಎಣ್ಣೆ ಅಂದ್ರೆ ಹೊಸ ತೋಟ, ಹೊಸ ತೋಟ ಅಂದ್ರೆ ಕಡಿದ ಕಾಡು. ಕಾಡು ಕಡಿದು ತಂದಿದ್ದನ್ನ ಸ್ವಚ್ಛ ಇಂಧನ ಅಂತ ಯಾವ ಬಾಯಲ್ಲಿ ಹೇಳೋದು?”

“ಮಸಿ ಬಳಿದು ಕೊಟ್ರೆ ಮೋಸ, ಒಪ್ಪಿದೆ,” ಎಂದಳು ರುಬಿಯಾ. “ಇದನ್ನ ತಿಳಿಯಾಗೇ ಕೊಟ್ಟಿದಾರಲ್ಲ. ಇದ್ಯಾವ ಸೀಮೆ ಮೋಸ?”

“ಮೋಸ ಅಂದ್ನಾ ನಾನು? ಕರಿದದ್ದು ಅಂತ ಬರೆದು ಕಳಿಸ್ತೀವಿ. ಇದು ಕರಿದದ್ದಲ್ಲ, ಅಷ್ಟೇ.” ಅವಳು ಕ್ಯಾನನ್ನು ಖೈರುಮಾನನ ಕಾಲಬಳಿ, ಉಳಿದವುಗಳಿಂದ ದೂರ ಇಟ್ಟಳು. “ಯಾರು ಕೊಟ್ರೋ ಅವರಿಗೇ ವಾಪಸ್ ಕೊಟ್ಬಿಡಿ ಪಾಕ್ ಬಿಲಾಲ್. ಬೇರೆದರ ಜೊತೆ ಸೇರಿಸಿ ಕಳಿಸ್ಬೇಡಿ, ದಯವಿಟ್ಟು. ನನಗೆ ನಿಮ್ಮ ಮೇಲೆ ನಂಬಿಕೆ ಇದೆ.”

ನಂಬಿಕೆ ಇದೆ ಅಂತ ಹೇಳದೆ ಹೋಗಿದ್ದರೆ ಚೆನ್ನಾಗಿತ್ತು. ಪಿಕಪ್ಪು ಕೆಂಪು ಧೂಳೆಬ್ಬಿಸಿ ತಾಳೆತೋಟಗಳ ನಡುವಿನ ರಸ್ತೆಯಲ್ಲಿ ಕಣ್ಮರೆಯಾಗುವವರೆಗೂ ಅವನು ಕ್ಯಾನಿನ ಪಕ್ಕ ಹಾಗೆಯೇ ನಿಂತಿದ್ದ, ಶಾಲೆಯಲ್ಲಿ ಬೆಂಚಿನ ಪಕ್ಕ ನಿಲ್ಲಿಸಿದವನಂತೆ. ವಾಪಸ್ ಕೊಡುವುದು. ಎಷ್ಟು ಸಣ್ಣ ಮಾತು. ಹಿಟ್ಟು ಜರಡಿಯಾಡಲು ತಂದ ಜರಡಿ, ಏಣಿ, ಬಲೆ, ಇವನ್ನು ವಾಪಸ್ ಕೊಡುತ್ತಾರೆ. ಸತ್ತ ಮಗನ ಹೆಸರಿನಲ್ಲಿ ಕೊಟ್ಟ ಸದಕಾವನ್ನು ತಾಯಿಗೆ ವಾಪಸ್ ಕೊಡುವುದು ಹೇಗೆ ಎಂದು ಯಾರೂ ಅವನಿಗೆ ಕಲಿಸಿರಲಿಲ್ಲ. ದಾನ ಸ್ವೀಕಾರವಾಯಿತೋ ಇಲ್ಲವೋ ಎಂಬುದು ಮೇಲಿನವನಿಗೆ ಮಾತ್ರ ಗೊತ್ತಿರುವ ಗುಟ್ಟು. ಅದಕ್ಕೇ ಜನ ಕೊಟ್ಟು ಮರೆಯುತ್ತಾರೆ, ಮರೆತು ಬದುಕುತ್ತಾರೆ. ಇಲ್ಲಿ ಮಾತ್ರ ಉತ್ತರ ಕ್ಯಾನಿನಲ್ಲಿ ತುಂಬಿಕೊಂಡು ಅವನ ಕಾಲಬಳಿ ಕೂತಿತ್ತು.

“ಮಾಕ್ ಲೋಂಗ್ ಸಫುರಾದು, ಅಲ್ವಾ?” ಎಂದಳು ರುಬಿಯಾ, ಬೇಲಿ ದಾಟಿ ಬಂದು. ಅವನು ಬಗ್ಗಿ ಕ್ಯಾನು ಎತ್ತಿಕೊಂಡ. “ನನಗೇನು ಕಣ್ಣಿಲ್ವಾ ಬಿಲಾಲರೇ? ಆ ನೂಲು ನೋಡಿದ್ರೆ ಕುರುಡಿಗೂ ಗೊತ್ತಾಗುತ್ತೆ. ಅಯ್ಯೋ, ಅದಕ್ಕೇನು ಅಷ್ಟು ಯೋಚ್ನೆ? ತಗೊಂಡು ಬಾ, ನನ್ನ ಬಾಣಲೆಗೆ ಹುಯ್ಯಿ. ಎರಡು ಸಲ ಬಾಳೆಹಣ್ಣು ಮುಳುಗಿಸಿ ತೆಗೆದ್ರೆ ಎಮ್ಮೆ ಬಣ್ಣ ಬರುತ್ತೆ. ಆಮೇಲೆ ಆ ಹುಡುಗಿ ತಲೆಮೇಲೆ ಹೊತ್ಕೊಂಡು ಹೋಗ್ತಾಳೆ.”

“ಅದು ಕೊಟ್ಟಿರೋದು ಸದಕಾ ಅಂತ. ನಿನ್ನ ಅಂಗಡಿಗಲ್ಲ.”

“ಅಂಗಡಿಗೆ ಅಂತ ಅಂದ್ನಾ? ಕರಿದಿದ್ದನ್ನ ನೀನೇ ತಿನ್ನು, ಇಲ್ಲ ಮಕ್ಕಳಿಗೆ ಹಂಚು.”

“ಕೊಟ್ಟೋರ ಒಪ್ಪಿಗೆ ಬೇಕಲ್ಲ ಅದಕ್ಕೂ. ಒಂದಕ್ಕೆ ಅಂತ ಕೊಟ್ಟಿದ್ದನ್ನ ಇನ್ನೊಂದಕ್ಕೆ…”

“ಎಣ್ಣೆಗೂ ಫತ್ವಾ ಕೇಳೋ ಜನ ಕಣಯ್ಯಾ ನೀನು!” ಅವಳು ಸೆರಗಿನಂತೆ ಇಳಿಬಿಟ್ಟಿದ್ದ ತಲೆಬಟ್ಟೆಯಿಂದ ಬೆವರು ಒರೆಸಿಕೊಂಡಳು. “ಹಾಗಾದ್ರೆ ಹೋಗು. ಹೋಗಿ ಒಪ್ಪಿಗೆ ಕೇಳು. ಆ ಮುದುಕಿ ಎದುರು ನಿನ್ನ ಬಾಯಿ ತೆರೆಯುತ್ತೋ ಇಲ್ವೋ ನೋಡ್ತೀನಿ.”

ಮಾಕ್ ಲೋಂಗ್ ಇರುವ ಆಚೆ ದಡಕ್ಕೆ ಹೊರಟ ದೋಣಿಯಲ್ಲಿ ಆ ಹೊತ್ತಿಗೆ ಬೇರೆ ಯಾರೂ ಇರಲಿಲ್ಲ. ಕ್ಯಾನನ್ನು ಎದುರಿನ ಹಲಗೆಯ ಮೇಲಿಟ್ಟ. ಕೆಳಗಿಟ್ಟರೆ ಕೊಳಕು ನೀರು ತಾಗುತ್ತದೆಂದು. ಅದು ಒಬ್ಬ ಪ್ರಯಾಣಿಕನ ಹಾಗೆ ಅವನಿಗೆ ಮುಖ ಕೊಟ್ಟು ಕೂತಿತು. ಕೊಳೆತ ಕಾಡಿನ ಬೇರುಗಳಿಂದ ಬರುವ ನದಿಯ ನೀರು ಗಟ್ಟಿ ಚಹಾದ ಬಣ್ಣದ್ದು, ಅದರ ಮೇಲೆ ಆಕಾಶ ಬಿದ್ದಾಗ ಕಪ್ಪು ಕನ್ನಡಿ. ಈ ಕನ್ನಡಿಯ ಮೇಲೆ ಎಷ್ಟು ವರ್ಷದಿಂದ ಗೆರೆ ಎಳೆಯುತ್ತಿದ್ದಾನೆ, ಒಂದೂ ಉಳಿದಿಲ್ಲ. ಎಣ್ಣೆ ಒಟ್ಟು ಮಾಡುವ ಸುದ್ದಿಯನ್ನು ಧ್ವನಿವರ್ಧಕದಲ್ಲಿ ಸಾರುವಂತೆ ಇಮಾಮರು ಹೇಳಿದ ದಿನವೂ ಅವನು ಇಲ್ಲೇ, ನಡುನೀರಿನಲ್ಲಿ, ತುಟಿಯಲ್ಲೇ ಪದ ಜೋಡಿಸುತ್ತಿದ್ದ. ಬರೀ ಮಾತಿನಲ್ಲಿ ಸಾರಿದರೆ ಯಾರು ಕೇಳುತ್ತಾರೆ? ನಾಲ್ಕು ಸಾಲಿನ ಪಂತೂನು ಕಟ್ಟಿದರೆ ಹೆಂಗಸರು ಪಾತ್ರೆ ತೊಳೆಯುತ್ತ ಗುನುಗುತ್ತಾರೆ. ಅವನು ಪದ್ಯ ಕೇಳಿಯೇ ಬೆಳೆದವನು. ಮದುವೆಯ ಹೊಸಿಲಲ್ಲಿ ಎರಡು ಕಡೆಯವರು ಎದುರುಬದುರು ನಿಂತು ಪಂತೂನಿನಲ್ಲೇ ವಾದ ಹೂಡುವಾಗ, ಮಾಕ್ ಲೋಂಗ್ ಸಫುರಾ ಹೆಣ್ಣಿನ ಕಡೆ ನಿಂತರೆ ಗಂಡಿನ ಕಡೆಯವರು ಮೊದಲೇ ಸೋತ ಮುಖ ಮಾಡುತ್ತಿದ್ದರು. ಅವನು ಅವರ ಹಿಂದೆ ಚಾಪೆಯ ಅಂಚಿನಲ್ಲಿ ಕೂತು ಬಾಯಿ ತೆರೆದುಕೊಂಡು ಕೇಳುತ್ತಿದ್ದ. ತಾನು ಕಟ್ಟಿದ್ದು ಅವರ ಕಿವಿಗೆ ಬೀಳುತ್ತದೆ ಎಂಬ ಒಳಆಸೆ ಆ ದಿನ ಇರಲಿಲ್ಲವೆ?

*ದೋಣಿಯ ಪೆಟ್ಟಿಗೆ, ಕಳೆದಿದೆ ಕುಂಚಿ,*
*ಹುಡುಕಿದ ಅಂಬಿಗ ಮರಳಿನಲಿ;*
*ಕರಿದೆಣ್ಣೆಯ ಕೊಡಿ, ಆಗಲಿ ಸುಚಿ,*
*ಬೆಳಕಾಗಲಿ ಅದು ಬಾನಿನಲಿ.*

ಕುಂಚಿ ಎಂದರೆ ಬೀಗದ ಕೈ. ಅದಕ್ಕೆ ಪ್ರಾಸವಾಗಿ ಸುಚಿ ಬಂತು. ಕಂಪನಿಯವರು ಹೇಳಿಕಳಿಸಿದ್ದ ಮಾತು ಬರ್ಸಿಹ್. ಗುಡಿಸಿದ ಅಂಗಳ, ಒಗೆದ ಅಂಗಿ, ಹೊಗೆಯಿಲ್ಲದ ಒಲೆ, ಇವಕ್ಕೆಲ್ಲ ಸಲ್ಲುವ ಸ್ವಚ್ಛ. ಸುಚಿ ಬೇರೆ. ನಮಾಜಿಗೆ ಮುಂಚೆ ವುಜೂ ಮಾಡಿ ತೊಳೆದ ಕೈ ಸುಚಿ, ಮಸೀದಿಯ ನೆಲ ಸುಚಿ, ಮುಟ್ಟುವ ಮೊದಲು ಮನಸ್ಸನ್ನು ಸರಿಮಾಡಿಕೊಳ್ಳಬೇಕಾದದ್ದೆಲ್ಲ ಸುಚಿ. ಕೆಸರಾದ ಕಾಲನ್ನು ಉಜ್ಜಿ ತೊಳೆದರೆ ಬರ್ಸಿಹ್ ಆಗುತ್ತದೆ, ಅಷ್ಟರಿಂದಲೇ ಸುಚಿಯಾಗುವುದಿಲ್ಲ. ಇಷ್ಟು ಇಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಅವನಿಗೂ ಗೊತ್ತಿತ್ತು. ಬರ್ಸಿಹ್ ಪ್ರಾಸಕ್ಕೆ ಕೂರಲಿಲ್ಲ. ಸುಚಿ ಬಂದು ಕೂತಾಗ ನಾಲಿಗೆಗೆ ಹಿತವಾಯಿತು, ಅಷ್ಟೆ. ಹಿತವಾದದ್ದನ್ನು ಎತ್ತರದ ಕಂಬಕ್ಕೆ ಕಟ್ಟಿದ ಧ್ವನಿವರ್ಧಕದ ಬಾಯಿಗೆ ಕೊಟ್ಟ, ಎರಡು ದಡಕ್ಕೂ ಕೇಳಿಸುವ ಹಾಗೆ.

ಹೆಂಗಸರು ಬಂದರು, ಬಾಟಲಿಗಳಲ್ಲಿ, ಡಬ್ಬಗಳಲ್ಲಿ ಕಪ್ಪೆಣ್ಣೆ ಹೊತ್ತು; ಇಷ್ಟು ದಿನ ಚರಂಡಿಗೆ ಚೆಲ್ಲುತ್ತಿದ್ದದ್ದು ಪುಣ್ಯವಾಯಿತಲ್ಲ ಎಂದು ನಗುತ್ತ. ದೋಣಿಯಲ್ಲಿ ಅವರ ನಡುವೆ ಮಾಕ್ ಲೋಂಗ್ ಬರಿಗೈಯಲ್ಲಿ ಕೂತಿರುತ್ತಿದ್ದರು. ಯಾರೋ ಒಬ್ಬಳು, ದುರುದ್ದೇಶವೇನಿಲ್ಲದೆ, ನಿಮ್ಮದೆಲ್ಲಿ ಮಾಕ್ ಲೋಂಗ್ ಎಂದು ಕೇಳಿದ್ದಳು. ಅವರು ತಮ್ಮ ಅಂಗೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡಿದ್ದರು, ಎಲ್ಲೋ ಇಟ್ಟು ಬಂದವರ ಹಾಗೆ. ಆಸ್ಪತ್ರೆಯವರು ಕರಿದದ್ದು ತಿನ್ನಬೇಡಿ ಎಂದಾಗಿನಿಂದ ಆ ಮನೆಯಲ್ಲಿ ಬೇಯಿಸಿದ ಗೆಣಸು, ಹುಳಿಖಾರದ ಮೀನು ಸಾರು, ಕೆಂಡದಲ್ಲಿ ಸುಟ್ಟ ಸಾಗು ರೊಟ್ಟಿ. ಬಾಣಲೆ ಗೋಡೆಯ ಮೊಳೆಗೆ ಏರಿ ಕೂತಿತ್ತು. ಕರಿಯದ ಮನೆಯಲ್ಲಿ ಕರಿದ ಎಣ್ಣೆ ಎಲ್ಲಿಂದ ಬರಬೇಕು? ಇದೆಲ್ಲ ಅವನಿಗೆ ಈಗ ಹೊಳೆಯುತ್ತಿದೆ. ಆಗ ಅವನು ಹಗ್ಗದ ಗೋಜು ಬಿಡಿಸುವುದರಲ್ಲಿ ಮಗ್ನನಾಗಿದ್ದ. ಅದೇ ಮಗ್ನತೆಯಲ್ಲೇ ಅಲ್ಲವೆ ಅವರ ಪ್ರಶ್ನೆಗೂ ಉತ್ತರ ಕೊಟ್ಟದ್ದು. ಎಲ್ಲರೂ ಇಳಿದ ಮೇಲೆ ದೋಣಿಯಲ್ಲೇ ಉಳಿದು ಕೇಳಿದ್ದರು: “ಈ ಎಣ್ಣೆ ಯಾವ ದಾರೀಲಿ ಹೋಗುತ್ತೋ ಮಾನ್?”

“ಪಿಕಪ್ಪಲ್ಲಿ ಕೆಳಗಿನ ಊರಿಗೆ, ಅಲ್ಲಿಂದ ಬಾರ್ಜಿನಲ್ಲಿ ಇದೇ ನದೀಲಿ, ದುಮಾಯಿ ಬಂದರಿಂದ ಹಡಗು. ಸಮುದ್ರದಾಚೆ.”

“ಇದೇ ನದೀಲಿ.”

“ಹೂಂ.”

“ಹಮ್ದಾನನ ಹೆಸರಲ್ಲಿ ಕೊಡಬಹುದಾ?”

“ಯಾಕೆ ಕೊಡಬಾರದು? ಕೊಡಿ ಮಾಕ್ ಲೋಂಗ್,” ಅಂದಿದ್ದ, ಹಲ್ಲಿನಲ್ಲಿ ಹಗ್ಗದ ತುದಿ ಕಚ್ಚಿಕೊಂಡು.

ಅವರ ಮಗ ಹಮ್ದಾನ್ ತಾಳೆಯೆಣ್ಣೆ ಸಾಗಿಸುವ ಬಾರ್ಜಿನ ಕೆಲಸಗಾರ. ಒಂದು ಬೆಳಿಗ್ಗೆ ಬಾರ್ಜಿನಲ್ಲಿ ಎಲ್ಲರೂ ಎದ್ದರು, ಅವನ ಚಾಪೆ ಇತ್ತು, ಚಪ್ಪಲಿ ಇತ್ತು, ಅವನಿರಲಿಲ್ಲ. ನೀರಿಗೆ ಬಿದ್ದದ್ದು ನದಿಯ ಅಳಿವೆಯಲ್ಲೋ ಸಮುದ್ರದಲ್ಲೋ ಎಂಬುದೂ ತಿಳಿಯಲಿಲ್ಲ. ಗೋರಿಯಿಲ್ಲ. ಉಪವಾಸದ ತಿಂಗಳಿಗೆ ಮುಂಚೆ ಊರೆಲ್ಲ ಕುಡುಗೋಲು ಹಿಡಿದು ತಮ್ಮತಮ್ಮವರ ಗೋರಿಯ ಹುಲ್ಲು ಸವರಿ, ನೀರು ಚಿಮುಕಿಸಿ, ಕೂತು ಕುರಾನು ಓದುವಾಗ ಮಾಕ್ ಲೋಂಗ್ ನದಿಯ ಮೆಟ್ಟಿಲಿಗೆ ಬಂದು ಕೂತು ಓದುತ್ತಾರೆ. ಓದಿದ್ದನ್ನು ನೀರು ಎಷ್ಟು ದೂರ ಒಯ್ಯುತ್ತದೆ, ಯಾರಿಗೆ ಗೊತ್ತು. ಎಣ್ಣೆಯಾದರೆ ಕಂಡಹಾಗೆ ಹೋಗುತ್ತದೆ. ಅವನು ಹೋದ ದಾರಿಯಲ್ಲೇ, ಅವನು ಹೋದಂಥ ಬಾರ್ಜಿನಲ್ಲೇ.

ನಡುನೀರಿನಲ್ಲಿ ಎಂಜಿನ್ನು ಎರಡು ಸಲ ಬಿಕ್ಕಿ ನಿಂತುಹೋಯಿತು. ಅವನು ಬೈಯಲಿಲ್ಲ, ಬೈಯುವುದಕ್ಕೂ ಒಂದು ಚೈತನ್ಯ ಬೇಕು. ಡೀಸೆಲ್ಲಿಗೆ ತಾಳೆಯೆಣ್ಣೆಯ ಸರಕು ಬೆರೆಸಿ ಕೊಡಲು ಶುರುವಾದಾಗಿನಿಂದ ಇದೇ ಗೋಳು. ಹೊಸದು ಟ್ಯಾಂಕಿನ ಗೋಡೆಯಲ್ಲಿ ವರ್ಷಗಟ್ಟಲೆ ಸುಮ್ಮನೆ ಅಂಟಿಕೊಂಡಿದ್ದ ಹಳೆಯ ಕೊಳೆಯನ್ನೆಲ್ಲ ಕೆರೆದು ಎಬ್ಬಿಸಿ ಫಿಲ್ಟರಿಗೆ ತಂದು ತುರುಕುತ್ತದೆ. ತಾನು ಸ್ವಚ್ಛವಾಗಿರುವುದರಿಂದಲೇ, ಅಂದಿದ್ದ ಎಂಜಿನ್ ರಿಪೇರಿಯವ, ಒಳಗಿನ ಹೊಲಸು ಹೊರಬರುತ್ತಿದೆ, ತಾಳ್ಮೆ ಇರಲಿ. ಫಿಲ್ಟರು ಬಿಚ್ಚಿ ನದಿಯ ಮೇಲೆ ಹಿಡಿದು ಜಾಡಿಸಿದ. ದೋಣಿ ಹೊಳೆಯ ಇಳುಕಲಿಗೆ ಮೆಲ್ಲಗೆ ಜಾರತೊಡಗಿತು. ಎದುರಿನ ಹಲಗೆಯ ಮೇಲೆ ಕ್ಯಾನು. ಟ್ಯಾಂಕಿನ ಮುಚ್ಚಳ ಅವನ ಮೊಣಕಾಲ ಬಳಿಯೇ ಇತ್ತು. ಇದು ಹಳೆಯ ಎಂಜಿನ್ನು, ಏನು ಕುಡಿಸಿದರೂ ಕುಡಿಯುತ್ತದೆ; ಡೀಸೆಲ್ಲಿನ ಅಭಾವದ ದಿನಗಳಲ್ಲಿ ಜನ ಅಡುಗೆಯ ತಿಳಿ ಎಣ್ಣೆ ಬೆರೆಸಿ ಓಡಿಸಿದ್ದುಂಟು. ಒಂದೆಳೆ ಎಳೆದರೆ ಗಂಟು ಬಿಚ್ಚುತ್ತದೆ. ಹುಯ್ದುಬಿಟ್ಟರೆ ಇದು ಇಂಧನವೇ ಆಗುತ್ತದಲ್ಲ, ಸುಳ್ಳೇನಿದೆ. ಹೋಯ್ತು ಮಾಕ್ ಲೋಂಗ್, ಉರಿದು ಹೋಯ್ತು, ಅನ್ನಬಹುದು. ಪ್ರತಿ ಸಲ ದೋಣಿ ಹತ್ತಿದಾಗ ಅವರು ಕೇಳುವುದು ಅದೊಂದೇ: ಹೋಯ್ತಾ? ಅವರಿಗೆ ಬೇಕಾದದ್ದೂ ಅದೊಂದೇ ಪದ.

ಅವನ ಕೈ ನೂಲಿನ ತುದಿ ಹಿಡಿದಿತ್ತು. ಅದು ಅವರು ಸರದಿಯಲ್ಲಿ ನಿಂತು ತಂದ ಎಣ್ಣೆ. ಸಂತೆಮಾಳದಲ್ಲಿ ಸರಕಾರದ ಎಣ್ಣೆ ಹಂಚುತ್ತಿದ್ದ ದಿನ, ನಾಲ್ಕೂ ದಿಕ್ಕಿಗೆ ತಾಳೆತೋಟವೇ ಇರುವ ಈ ನಾಡಿನಲ್ಲಿ ಅಡುಗೆಗೆ ಎಣ್ಣೆಯಿಲ್ಲದೆ ಹೆಂಗಸರು ಗುರುತಿನ ಚೀಟಿ ಹಿಡಿದು ಬಿಸಿಲಲ್ಲಿ ನಿಂತಿದ್ದರು. ರಸ್ತೆಯಲ್ಲಿ ಎಣ್ಣೆಯ ಟ್ಯಾಂಕರುಗಳು ಅವರಿಗೆ ಧೂಳೆರಚಿ ಓಡುತ್ತಿದ್ದವು. ಆ ಸಾಲಿನಲ್ಲಿ ಮಾಕ್ ಲೋಂಗ್ ಅವರ ಬಿಳಿ ತಲೆಬಟ್ಟೆ ಕಂಡಿತ್ತು. ಅವನು ಮೋಟಾರು ಸೈಕಲ್ಲು ನಿಲ್ಲಿಸಬಹುದಿತ್ತು. ನೀವು ನೆರಳಲ್ಲಿ ಕೂತಿರಿ, ನಾನು ನಿಲ್ಲುತ್ತೇನೆ ಅನ್ನಬಹುದಿತ್ತು. ಕಣ್ಣು ಉರಿಯುತ್ತಿತ್ತು, ಮನೆಗೆ ಹೋಗಿ ಬಿದ್ದುಕೊಂಡರೆ ಸಾಕಾಗಿತ್ತು. ಕರಿಯದ ಮುದುಕಿಗೆ ಎಣ್ಣೆ ಯಾಕೆ ಎಂಬ ಯೋಚನೆ ಕೂಡ ಬರಲಿಲ್ಲ, ಅಥವಾ ಬಂದದ್ದನ್ನು ಬರಗೊಡಲಿಲ್ಲ. ತಲೆ ಇನ್ನೊಂದು ಕಡೆ ತಿರುಗಿಸಿ ದಾಟಿದ. ಅವರು ನೋಡಿದ್ದರೋ ಇಲ್ಲವೋ. ನೋಡಿರುತ್ತಾರೆ. ಸಾಲು ತಪ್ಪಿ ಓದುವವನನ್ನು ಅವರು ಕಣ್ಣು ಮುಚ್ಚಿಕೊಂಡೇ ಹಿಡಿಯುವವರು.

ದೊಡ್ಡ ಬಾರ್ಜೊಂದು ಮೇಲಿನಿಂದ ಇಳಿದು ಬಂತು. ಅದರ ಅಲೆಗೆ ದೋಣಿ ತೊನೆದಾಗ ಕ್ಯಾನು ಹಲಗೆಯಿಂದ ಜಾರಿತು. ಅವನು ಯೋಚಿಸದೆ ಎರಡೂ ತೋಳು ಚಾಚಿ ಅದನ್ನು ಎದೆಗೆ ಅವಚಿಕೊಂಡ. ಬಿಸಿಲಿಗೆ ಅದು ಬೆಚ್ಚಗಾಗಿತ್ತು. ಅಲೆ ಕಡಿಮೆಯಾದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ಕೂತಿದ್ದ, ಯಾರಾದರೂ ನೋಡಿದರೆ ಏನಂದುಕೊಂಡಾರು ಎಂಬ ನಾಚಿಕೆಯೂ ನಿಧಾನವಾಗಿ ಬಂತು. ಫಿಲ್ಟರು ಹಾಕಿ ಎಂಜಿನ್ನಿನ ಹಗ್ಗ ಎಳೆದ. ಟ್ಯಾಂಕಿನ ಮುಚ್ಚಳ ಮುಟ್ಟಲಿಲ್ಲ. ಅದು ನಿಯತ್ತೋ ಅಂಜಿಕೆಯೋ ಎಂದು ವಿಂಗಡಿಸುವಷ್ಟು ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಮಾಕ್ ಲೋಂಗ್ ಸಫುರಾ ಕಂಬಗಳ ಮೇಲೆ ನಿಂತ ತಮ್ಮ ಮನೆಯ ಜಗುಲಿಯಲ್ಲಿ ಕೂತು ಗರಿಕಡ್ಡಿ ಸೀಳುತ್ತಿದ್ದರು. ಮಧ್ಯಾಹ್ನದ ಮೇಲೆ ಓದಲು ಬರುವ ಮಕ್ಕಳಿಗೆ, ಅಕ್ಷರದ ಮೇಲೆ ಇಟ್ಟು ತೋರಿಸಲು. ಅವನು ಕ್ಯಾನನ್ನು ಏಣಿಮೆಟ್ಟಿಲ ಕೆಳಗೆ, ಕಂಬದ ಮರೆಗೆ ಇಟ್ಟು ಕಾಲು ತೊಳೆದು ಹತ್ತಿದ. ಸಲಾಮು ಹೇಳಿ ಅವರ ಕೈ ಹಿಡಿದು ಹಣೆಗೊತ್ತಿಕೊಂಡ. ಆ ಕೈಗೆ ಹಸಿ ಗರಿಯ ವಾಸನೆ.

“ಬಾರೋ ಮಾನ್. ಬೆಳಗಿನ ಬಾಂಗಲ್ಲಿ ಕೊನೇ ಎಳೆತ ಒಡೀತು.”

“ಗಂಟಲು ಸರಿಯಿಲ್ಲ ಮಾಕ್ ಲೋಂಗ್.”

“ಗಂಟಲಲ್ಲ, ಉಸಿರು. ಉಸಿರನ್ನ ಮೊದಲೇ ಖರ್ಚು ಮಾಡ್ತೀಯ. ಮೊದಲಿಂದ ಹಾಗೇ ನೀನು.” ಅವರು ಕಡ್ಡಿಯ ತುದಿಯನ್ನು ಬೆರಳಿಗೆ ಚುಚ್ಚಿ ನೋಡಿ ಪಕ್ಕಕ್ಕಿಟ್ಟರು. “ಪಿಕಪ್ಪು ಬಂದಿತ್ತಂತೆ? ಹೋಯ್ತಾ?”

ಅವನು ಹೊರಗೆ ನೋಡಿದ. ಅಂಗಳದ ಮೂಲೆಯಲ್ಲಿ ಬಾಳೆಗೊನೆಯೊಂದು ಮಾಗಿ ಬಾಗಿತ್ತು. “ಗೊನೆ ಚೆನ್ನಾಗಿ ಬಂದಿದೆ,” ಅಂದ.

“ಹಕ್ಕಿ ತಿಂತಾವೆ. ಹೋಯ್ತಾ ಅಂದೆ.”

“ಮಾಕ್ ಲೋಂಗ್, ನನಗೆ ಹಸಿವು.” ತನ್ನ ದನಿ ತನಗೇ ಅಪರಿಚಿತವಾಗಿ ಕೇಳಿಸಿತು, ಚಾಪೆಯ ಅಂಚಿನಿಂದ ಬಂದ ಹಾಗೆ. “ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ನಾಲ್ಕು ಬಾಳೆಹಣ್ಣು ಕರಿದು ಕೊಡ್ತೀರಾ?”

ಅವರು ಅವನನ್ನು ನೋಡಿದರು. ಆಮೇಲೆ ನಕ್ಕರು, ಬಾಯಲ್ಲಿ ಉಳಿದಿದ್ದ ಹಲ್ಲುಗಳಷ್ಟರಲ್ಲೂ. “ನನ್ನ ಮನೇಗೆ ಬಂದು ಕರಿದದ್ದು ಕೇಳೋನು! ರುಬಿಯಾ ಅಂಗಡಿ ಮುಚ್ಚಿದಾಳಾ? ಹೆಂಡ್ತಿ ಒಲೆ ಆರಿಸಿದಾಳಾ? ಇರು, ಇರು. ಹೊಟ್ಟೆ ಅಂತ ಬಾಯಿಬಿಟ್ಟು ಕೇಳಿದೀಯ. ಬಾಣಲೆ ಇಳಿಸ್ಕೊಡು, ನನಗೆ ಎಟುಕಲ್ಲ. ಆದ್ರೆ ಎಣ್ಣೆ ಎಲ್ಲಿದೆಯೋ? ಇದ್ದದ್ದನ್ನೆಲ್ಲ…”

“ಎಣ್ಣೆ ನಾನು ತಂದಿದೀನಿ,” ಎಂದ.

ಕೆಳಗಿಳಿದ. ಏಣಿಯ ಮೆಟ್ಟಿಲುಗಳು ತಮ್ಮ ತಮ್ಮ ಸದ್ದು ಮಾಡಿದವು. ಕಂಬದ ಮರೆಯಲ್ಲಿ ಬಾಗಿ ನೂಲನ್ನು ಬಿಚ್ಚಿ ಜೇಬಿಗೆ ಹಾಕಿಕೊಳ್ಳುವುದೆಂದು ಎಣಿಸಿದ್ದ. ಅವಸರದಲ್ಲಿ ಬೇರೆ ಎಳೆ ಎಳೆದದ್ದಕ್ಕೆ ಗಂಟು ಇನ್ನಷ್ಟು ಬಿಗಿಯಾಯಿತು. ಐವತ್ತು ದಾಟಿದ ಗಂಡಸು ಮನೆಯಡಿಯಲ್ಲಿ ಕೋಳಿಗಳ ನಡುವೆ ಕುಕ್ಕರಗಾಲಲ್ಲಿ ಕೂತು ಹಲ್ಲಿನಿಂದ ನೂಲು ಕಚ್ಚುತ್ತಿದ್ದ. ತಲೆ ಎತ್ತಿದಾಗ ಹಲಗೆಗಳ ಸಂದಿಯಿಂದ ಅವರ ಕಾಲು ಕಂಡಿತು. ಜಗುಲಿಯ ಅಂಚಿಗೆ ಬಂದು ನಿಂತಿದ್ದರು.

“ಅದನ್ನ ಮೇಲೆ ತಗೊಂಡು ಬಾ ಮಾನ್.”

ತಂದು ಅವರ ಎದುರಿಗೆ ಇಟ್ಟ. ಅವರು ಕೂತರು. ಅವನೂ ಕೂತ. ಅವರು ಗಂಟನ್ನು ಮುಟ್ಟಿ, ಅದರಲ್ಲಿದ್ದ ಅವನ ಉಗುಳಿನ ಒದ್ದೆಯನ್ನು ಸೊಂಟಕ್ಕೆ ಸುತ್ತಿದ್ದ ಸಾರೊಂಗಿನ ತುದಿಯಿಂದ ಒರೆಸಿದರು.

“ತಗೊಳ್ಲಿಲ್ಲ.”

“ಹಾಗಲ್ಲ ಮಾಕ್ ಲೋಂಗ್. ಅದು ಕಂಪನಿಯೋರ ಲೆಕ್ಕ. ದಾನ ಬೇರೆ, ಅವರದ್ದು ಬೇರೆ…”

“ತಗೊಳ್ಲಿಲ್ಲ ತಾನೆ?”

“ಇಲ್ಲ.”

“ಯಾಕಂತೆ? ಏನು ಕೊರತೆ ಇತ್ತು ಇದರಲ್ಲಿ?”

“ಕೊರತೆ ಇಲ್ಲ. ತುಂಬ ತಿಳಿಯಾಗಿದೆ ಅಂತ. ಅವರಿಗೆ ಬೇಕಾಗಿರೋದು ಬಳಸಿ ಬಿಟ್ಟಿದ್ದು. ಕರಿದು ಕಪ್ಪಾಗಿದ್ದು.”

“ನೀನೇ ಸುಚಿ ಅಂತ ಸಾರಿದ್ಯಲ್ಲೋ. ಇಲ್ಲಿ ಕೂತು ಕೇಳಿಸ್ಕೊಂಡೆ. ಸುಚಿ ಆಗೋದಕ್ಕೆ ಕೊಡೋದನ್ನ ಕೊಳೆ ಮಾಡಿ ಕೊಡ್ತಾರಾ? ರುಬಿಯಾದು ಕಪ್ಪು, ಅವಳ ಹತ್ರ ಇರೋದು ಅದು, ಅವಳು ಕೊಟ್ಲು. ನನ್ನ ಹತ್ರ ಅದೂ ಇರ್ಲಿಲ್ಲ.”

“ಬರ್ಸಿಹ್ ಅನ್ನಬೇಕಿತ್ತು ಮಾಕ್ ಲೋಂಗ್. ಪ್ರಾಸಕ್ಕೆ ಕೂರ್ಲಿಲ್ಲ. ಅದಕ್ಕೆ ಸುಚಿ ಅಂದೆ.”

ಹೊಡೆತಕ್ಕೆ ಕಾಯುವವನಂತೆ ಅವನ ಬೆರಳುಗಳು ಮಂಡಿಯ ಮೇಲೆ ತಾವಾಗಿ ಜೋಡಿಸಿಕೊಂಡಿದ್ದವು. ಚಿಕ್ಕಂದಿನ ಪಾಠದಲ್ಲಿ ಒಂದಕ್ಷರ ನುಂಗಿದರೆ ಗೆಣ್ಣಿನ ಮೇಲೆ ಕಡ್ಡಿ ಬೀಳುತ್ತಿತ್ತು. ಅವರು ಕಡ್ಡಿ ಎತ್ತಲಿಲ್ಲ. “ಪ್ರಾಸ ಚೆನ್ನಾಗಿತ್ತು,” ಎಂದರು. ಅದರಲ್ಲಿ ವ್ಯಂಗ್ಯವಿದೆಯೇ ಎಂದು ಅವನು ಹುಡುಕಿದ; ಇರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಒಂದು ದಾರಿ ಇದೆ.” ಅವನು ಅವಸರದಲ್ಲಿ ಹೇಳತೊಡಗಿದ, ಉಸಿರನ್ನೆಲ್ಲ ಮೊದಲೇ ಖರ್ಚು ಮಾಡುತ್ತ. “ಒಂದೇ ಸಲ. ಇದರಲ್ಲಿ ಒಂದ್ಸಲ ಏನಾದ್ರೂ ಕರಿದುಬಿಟ್ರೆ ಸಾಕು. ಬಾಳೆಹಣ್ಣು ಕರಿಯೋಣ, ಮಕ್ಕಳು ಬರ್ತಾರಲ್ಲ, ಅವರಿಗೆ ಹಂಚೋಣ, ಅದೂ ಪುಣ್ಯಾನೇ. ಎಣ್ಣೆ ಬಣ್ಣ ತಿರುಗುತ್ತೆ. ಆಮೇಲೆ ಯಾರೂ ಬೇಡ ಅನ್ನಲ್ಲ. ಮುಂದಿನ ಪಿಕಪ್ಪಿಗೆ ನಾನೇ ಹಾಕಿ ಕಳಿಸ್ತೀನಿ. ಇದೇ ನದೀಲಿ ಹೋಗುತ್ತೆ, ಹಮ್ದಾನನ ದಾರೀಲೇ. ನೀವು ಒಲೆ ಹತ್ರ ಬರೋದೂ ಬೇಡ, ನಾನೇ ಕರೀತೀನಿ. ನೀವು ಹೂಂ ಅಂದ್ರೆ ಸಾಕು.”

ನದಿಯ ಕಡೆಯಿಂದ ಯಾರೋ ಕೂಗಿದರು. ಆ ದಡಕ್ಕೆ ದಾಟಬೇಕಾದವರು, ಅಂಬಿಗನಿಲ್ಲದ ದೋಣಿಯನ್ನು ಕಂಡು. ಅವನು ಏಳಲಿಲ್ಲ. ಮಾಕ್ ಲೋಂಗ್ ಕ್ಯಾನನ್ನು ತಮ್ಮ ಕಡೆಗೆ ಎಳೆದುಕೊಂಡರು. ಭಾರವಾಗಿತ್ತು, ಹಲಗೆಯ ಮೇಲೆ ಅದು ಕಿರುಗುಟ್ಟುತ್ತ ಬಂತು. ಅವನು ನೆರವಿಗೆ ಕೈ ಚಾಚಿದಾಗ ಬೇಡವೆಂದು ತಲೆಯಾಡಿಸಿದರು.

“ಅವನು ಬಾರ್ಜಿಂದ ಬರ್ತಿದ್ದದ್ದು ಯಾವ ಹೊತ್ತಿಗೋ, ಹೇಳೋ ಹಾಗಿರ್ಲಿಲ್ಲ,” ಎಂದರು. “ಬಂದ ಹೊತ್ತಿಗೆ ಹೊಸದಾಗಿ ಅಕ್ಕಿ ಇಡ್ತಿದ್ದೆ. ಮಾಡಿಟ್ಟಿದ್ದು ಇದ್ರೂ ಇಡ್ತಿದ್ದೆ. ಅವನು ಬೈತಿದ್ದ, ಅಮ್ಮಾ, ಇರೋದನ್ನೇ ಹಾಕು, ಹಸಿವಾಗಿದೆ ಅಂತ. ಒಬ್ಬರು ತಿಂದು ಉಳಿಸಿದ್ದನ್ನ ಅವನ ತಟ್ಟೆಗೆ ಒಂದು ದಿನಾನೂ ಹಾಕ್ಲಿಲ್ಲ ನಾನು.”

“ಮಾಕ್ ಲೋಂಗ್, ಇದು ತಟ್ಟೆಗಲ್ಲವಲ್ಲ. ಇದು ಬರೀ…”

“ನಿನಗೆ ಹಸಿವಾಗಿದ್ರೆ ಅನ್ನ ಇದೆ, ಮೀನಿದೆ. ಬಡಿಸ್ತೀನಿ, ಉಣ್ಣು.”

“ಒಂದೇ ಸಲ ಮಾಕ್ ಲೋಂಗ್. ನನಗೋಸ್ಕರ.”

“ಇಲ್ಲ,” ಎಂದರು ಮಾಕ್ ಲೋಂಗ್ ಸಫುರಾ. “ಇದರಲ್ಲಿ ನಾನು ಕರಿಯಲ್ಲ. ನಿನಗೂ ಕರಿಯೋಕೆ ಕೊಡಲ್ಲ.”